ಕುಂಬಾರ ಹುಳದ ಗೂಡಿನಲ್ಲಿ ದೇವರ ಕೈಕೆಲಸವನ್ನು ಹೇಗೆ ಕಾಣಬೇಕು?

ಪ್ರಶ್ನೆ: ಸಂಡೇ ಸ್ಕೂಲ್ ಶಿಕ್ಷಕಿ

ಸಭೆಯ ಮಕ್ಕಳಿಗೆ ಸೃಷ್ಟಿಯ ಪಾಠ ಹೇಳುವ ಹೊಣೆ ನನ್ನದು. ದೇವರು ಪ್ರಾಣಿಗಳನ್ನು ಎಷ್ಟು ಜ್ಞಾನದಿಂದ ಮಾಡಿದ್ದಾನೆಂಬುದನ್ನು ಮಕ್ಕಳು ಕಣ್ಣಾರೆ ನೋಡಲಿ ಎಂದು, ಕಿಟಕಿಯ ಮೂಲೆಯಲ್ಲಿ ಕುಂಬಾರ ಹುಳ ಕಟ್ಟಿದ್ದ ಮಣ್ಣಿನ ಗೂಡೊಂದನ್ನು ಬಿಡಿಸಿಕೊಂಡು ಹೋಗಿದ್ದೆ. ಅದು ಒದ್ದೆ ಮಣ್ಣಿನ ಉಂಡೆಗಳನ್ನು ಒಂದೊಂದಾಗಿ ತಂದು, ಗುಂಯ್‌ಗುಡುತ್ತಾ ಅಂಚಿಗೆ ಮೆತ್ತಿ, ನುಣುಪಾದ ಕೊಳವೆಗಳನ್ನು ಕಟ್ಟುವುದನ್ನು ದಿನಗಟ್ಟಲೆ ನೋಡಿ ಬೆರಗಾಗಿದ್ದೆನು. ಮಕ್ಕಳ ಮುಂದೆ ಒಂದು ಕೋಣೆಯನ್ನು ಒಡೆದಾಗ ಹತ್ತು ಹನ್ನೆರಡು ಪುಟ್ಟ ಜೇಡಗಳು ಕಾಗದದ ಮೇಲೆ ಉದುರಿದವು. ಅವು ಸತ್ತಿರಲಿಲ್ಲ; ಒಂದರ ಕಾಲು ಇನ್ನೂ ಮೆಲ್ಲನೆ ಅಲುಗುತ್ತಿತ್ತು. ಮತ್ತೊಂದರ ಹೊಟ್ಟೆಗೆ ಬಿಳಿಯ ಮರಿಹುಳು ಅಂಟಿಕೊಂಡು ಅದನ್ನು ತಿನ್ನುತ್ತಿತ್ತು. "ಜೇಡವನ್ನು ದೇವರು ಇದಕ್ಕೇ ಮಾಡಿದನಾ?" ಎಂದು ಒಬ್ಬ ಹುಡುಗಿ ಕೇಳಿದಳು. ಮುಂದಿನ ವಾರ ಹೇಳುತ್ತೇನೆಂದು ಪಾಠ ಮುಗಿಸಿಬಿಟ್ಟೆ. ಗೂಡು ಕಟ್ಟುವ ಜಾಣ್ಮೆಯಲ್ಲಿ ಸೃಷ್ಟಿಕರ್ತನನ್ನು ತೋರಿಸಿ, ಗೂಡಿನ ಒಳಗನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲವೆಂದು ನನಗೆ ಅನ್ನಿಸುತ್ತಿದೆ. ಬಲ್ಲವರು ದಾರಿ ತೋರಿಸಬೇಕು.

ಉತ್ತರ: ಜೀವಶಾಸ್ತ್ರ ಅಧ್ಯಾಪಕ

ಮೊದಲು ನೀವು ಕಂಡದ್ದೇನೆಂದು ಹೇಳುತ್ತೇನೆ. ತಾಯಿ ಹುಳ ಜೇಡವನ್ನು ಕುಟುಕಿ ಕೊಲ್ಲುವುದಿಲ್ಲ, ನಿಶ್ಚೇಷ್ಟಗೊಳಿಸುತ್ತದೆ; ಸತ್ತ ಜೇಡ ಕೊಳೆತುಹೋಗುತ್ತದೆ, ಜೀವವಿರುವ ಜೇಡ ಮರಿ ಬೆಳೆಯುವವರೆಗೆ ಕೆಡದೆ ಉಳಿಯುತ್ತದೆ. ಕೋಣೆಯಲ್ಲಿ ಮೊಟ್ಟೆಯಿಟ್ಟು, ಜೇಡಗಳನ್ನು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ ಮೇಲೆ ಆ ತಾಯಿ ತನ್ನ ಮರಿಯನ್ನು ನೋಡುವುದಿಲ್ಲ. ಪ್ರಾಯಕ್ಕೆ ಬಂದ ಹುಳಕ್ಕೆ ಹೂವಿನ ಮಕರಂದವೇ ಆಹಾರ. ಜೇಡದ ಬೇಟೆಯೆಲ್ಲ ಮರಿಗಾಗಿ. ಹುಳ ಕೀಟವನ್ನು ಕುಟುಕಿ ಕುಟುಕಿ ತನ್ನಂತೆಯೇ ಮಾಡಿಕೊಳ್ಳುತ್ತದೆಂಬ ಕೀಟ-ಭ್ರಮರ ನ್ಯಾಯದ ಮಾತು ಹುಟ್ಟಿದ್ದೂ ಇಂಥ ಗೂಡುಗಳನ್ನು ಹೊರಗಿನಿಂದ ನೋಡಿದವರಿಂದಲೇ ಇರಬೇಕು.

ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೇ ಡಾರ್ವಿನ್ 1860ರ ಮೇ ತಿಂಗಳಲ್ಲಿ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಬರೆದ ಪತ್ರದಲ್ಲಿ ಎತ್ತಿದ್ದರು. ಜೀವಂತ ಕಂಬಳಿಹುಳದ ಒಡಲೊಳಗೆ ಮರಿಗಳು ಉಣ್ಣಲೆಂದೇ ದಯಾಮಯನೂ ಸರ್ವಶಕ್ತನೂ ಆದ ದೇವರು ಪರಾವಲಂಬಿ ಕಣಜದ ಹುಳಗಳನ್ನು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ತಾವು ಒಪ್ಪಲಾರೆವೆಂಬುದು ಅವರ ಮಾತಿನ ತಾತ್ಪರ್ಯ. ಗ್ರೇ ದೃಢ ಕ್ರೈಸ್ತರು, ಡಾರ್ವಿನ್ನರ ಸಿದ್ಧಾಂತವನ್ನು ಅಮೆರಿಕದಲ್ಲಿ ಸಮರ್ಥಿಸಿದವರೂ ಹೌದು. ಪರಿಸರಕ್ಕೆ ಹೊಂದುವ ಜೀವಿಗಳು ಹೆಚ್ಚಾಗಿ ಉಳಿದು ವಂಶ ಬೆಳೆಸುವ ನೈಸರ್ಗಿಕ ಆಯ್ಕೆಯಿಂದ ದೇವರ ಉದ್ದೇಶವೇನೂ ಇಲ್ಲವಾಗುವುದಿಲ್ಲ ಎಂದು ಅವರು ವಾದಿಸಿದರು. ನಾನೂ ಅವರ ಕಡೆಯವನು. ದಾರಿಯಲ್ಲಿ ಸಿಕ್ಕ ಗಡಿಯಾರ ಗಡಿಯಾರ ಮಾಡಿದವನನ್ನು ತೋರಿಸುವಂತೆ ಜೀವಿಗಳ ಅಂಗಾಂಗಗಳು ಸೃಷ್ಟಿಕರ್ತನನ್ನು ತೋರಿಸುತ್ತವೆ ಎಂದು 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಮಂಡಿಸಿದ ವಾದವನ್ನೇ ಮಕ್ಕಳಿಗೆ ಆಧಾರವಾಗಿ ಕೊಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಜಿರಾಫೆಯ ಧ್ವನಿಪೆಟ್ಟಿಗೆಗೆ ಹೋಗುವ ನರವೊಂದು ಮಿದುಳಿನಿಂದ ಹೊರಟು, ಕತ್ತಿನುದ್ದಕ್ಕೂ ಎದೆಯವರೆಗೆ ಇಳಿದು, ಹೃದಯದ ಬಳಿಯ ಮಹಾಧಮನಿಯನ್ನು ಸುತ್ತಿ, ಮತ್ತೆ ಅಷ್ಟೂ ದೂರ ಮೇಲಕ್ಕೆ ಬರುತ್ತದೆ. ಒಂದೊಂದು ಅಂಗವನ್ನೂ ಕುಶಲಕರ್ಮಿಯ ಲೆಕ್ಕಾಚಾರವೆಂದು ಕಲಿತ ಮಗು ಮುಂದೆ ಇಂಥದ್ದನ್ನು ಓದಿದಾಗ ವಾದದ ಜೊತೆಗೆ ವಿಶ್ವಾಸವನ್ನೂ ಬಿಟ್ಟುಬಿಡುವುದನ್ನು ನನ್ನ ತರಗತಿಗಳಲ್ಲಿ ನೋಡಿ ನೊಂದಿದ್ದೇನೆ.

ಉತ್ತರ: ಸಭೆಯ ಹಿರಿಯ

ಅಧ್ಯಾಪಕರ ಕಳಕಳಿ ಅರ್ಥವಾಗುತ್ತದೆ. ಆದರೆ ಆ ಹುಡುಗಿಗೆ ಉತ್ತರ ಸತ್ಯವೇದದಲ್ಲಿಯೇ ಇದೆ. ಆದಿಕಾಂಡ 1:30ರಲ್ಲಿ ದೇವರು ಭೂಮಿಯ ಮೃಗಪಕ್ಷಿಗಳಿಗೆಲ್ಲ ಆಹಾರವಾಗಿ ಕೊಟ್ಟದ್ದು ಹಸುರು ಸಸ್ಯವನ್ನು. ಅದರ ಮರುವಚನದಲ್ಲಿಯೇ ಎಲ್ಲವೂ ಬಹು ಒಳ್ಳೆಯದಾಗಿತ್ತು ಎಂದಿದೆ. ಜೇಡದ ಸಂಕಟ ಮೊದಲ ಸಂಕಲ್ಪದ್ದಲ್ಲ, ಪಾಪದಿಂದ ಲೋಕಕ್ಕೆ ಬಂದದ್ದು. ಸೃಷ್ಟಿಯೆಲ್ಲ ಇಂದಿನವರೆಗೂ ನರಳುತ್ತಾ ಪ್ರಸವವೇದನೆಪಡುತ್ತಿದೆ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ತೋಳವು ಕುರಿಮರಿಯ ಸಂಗಡ ವಾಸಿಸುವ ದಿನವನ್ನು ಯೆಶಾಯನು ಕಾಣುತ್ತಾನೆ. ಇದು ಹೀಗೆಯೇ ಇರಬೇಕಾದದ್ದಲ್ಲ, ಹೀಗೆಯೇ ಇರುವುದೂ ಇಲ್ಲ ಎಂಬ ನಿರೀಕ್ಷೆಯನ್ನು ಆ ಮಗುವಿಗೆ ಕೊಡಿ.

ಉತ್ತರ: ಜೀವಶಾಸ್ತ್ರ ಅಧ್ಯಾಪಕ

ಹಿರಿಯರು ಹೇಳಿದ ನಿರೀಕ್ಷೆ ನನ್ನದೂ ಆಗಿದೆ. ಆದರೆ ಮನುಷ್ಯನಿಗಿಂತ ಬಹಳ ಹಿಂದಿನ ಪಳೆಯುಳಿಕೆಗಳಲ್ಲಿಯೇ ಒಂದು ಪ್ರಾಣಿ ಇನ್ನೊಂದನ್ನು ತಿಂದ ಗುರುತುಗಳಿವೆ. ಅದು ಹಾಗಿರಲಿ, ಕೀರ್ತನೆ 104ರ 21ನೆಯ ವಚನದಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸುತ್ತಾ ದೇವರಿಂದಲೇ ಆಹಾರವನ್ನು ಕೇಳುತ್ತವೆ. ಕೀರ್ತನೆಗಾರನು ಇದನ್ನು ಪ್ರಲಾಪವಾಗಿ ಅಲ್ಲ, ಸ್ತುತಿಯಾಗಿ ಹಾಡುತ್ತಾನೆ. ಆ ಗರ್ಜನೆಯನ್ನು ಬರೀ ಪಾಪದ ಫಲವೆಂದು ಓದಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ: ಹಕ್ಕಿಗಳನ್ನು ನೋಡುವವಳು

ನನ್ನ ಕಷ್ಟದ ದಿನಗಳಲ್ಲಿ ಯೋಬನ ಗ್ರಂಥದ 38 ಮತ್ತು 39ನೆಯ ಅಧ್ಯಾಯಗಳೇ ನನ್ನನ್ನು ಹಿಡಿದು ನಿಲ್ಲಿಸಿದವು. ಅನ್ಯಾಯವಾಗಿ ನೊಂದವನು ಏಕೆಂದು ಕೇಳಿದಾಗ ದೇವರು ಕಾರಣ ಕೊಡದೆ ಪ್ರಾಣಿಗಳನ್ನು ತೋರಿಸುತ್ತಾನೆ, ಅದರಲ್ಲಿಯೂ ಮನುಷ್ಯನ ಉಪಯೋಗಕ್ಕೆ ಸಿಗದ ಕಾಡುಕತ್ತೆ, ಬೆಟ್ಟದ ಮೇಕೆ, ಕಾಡುಕೋಣಗಳನ್ನು. ಉಷ್ಟ್ರಪಕ್ಷಿಯ ವಿಷಯವನ್ನು ಗಮನಿಸಿ: ಅದು ಮೊಟ್ಟೆಗಳನ್ನು ನೆಲದ ಮೇಲೆ ಬಿಟ್ಟುಹೋಗುತ್ತದೆ, ಕಾಲ್ತುಳಿತಕ್ಕೆ ಸಿಕ್ಕಾವೆಂದು ಯೋಚಿಸುವುದಿಲ್ಲ, ದೇವರೇ ಅದಕ್ಕೆ ವಿವೇಕವನ್ನು ಕೊಡಲಿಲ್ಲ, ಆದರೂ ಅದು ಎದ್ದು ಓಡಿದರೆ ಕುದುರೆಯನ್ನೂ ಸವಾರನನ್ನೂ ನೋಡಿ ನಗುತ್ತದೆ. ಕುಂದಿಲ್ಲದ ಯಂತ್ರವೆಂದು ದೇವರು ಅದನ್ನು ಪ್ರದರ್ಶಿಸುತ್ತಿಲ್ಲ. ಅದು ಇರುವಂತೆಯೇ ಅದನ್ನು ಕಂಡು ಸಂತೋಷಪಡುತ್ತಿದ್ದಾನೆ. 39ನೆಯ ಅಧ್ಯಾಯ ಮುಗಿಯುವುದಂತೂ ರಕ್ತ ಹೀರುವ ಹದ್ದಿನ ಮರಿಗಳಿಂದ. ಮಕ್ಕಳಿಗೆ ಓದುವಾಗ ನಾವು ಬಿಟ್ಟುಬಿಡುವ ವಚನವದು.

ಡೇಗೆಯು, ಅಂದರೆ ಗಿಡುಗವು, ದಕ್ಷಿಣ ದಿಕ್ಕಿಗೆ ರೆಕ್ಕೆ ಹರಡುವುದು ನಿನ್ನ ವಿವೇಕದಿಂದಲೋ ಎಂದು ಅಲ್ಲಿಯೇ ಒಂದು ಪ್ರಶ್ನೆಯಿದೆ. 2022ರ ಅಕ್ಟೋಬರಿನಲ್ಲಿ ಉಪಗ್ರಹ ಸಾಧನ ಕಟ್ಟಿದ್ದ ಬಾರ್-ಟೇಲ್ಡ್ ಗಾಡ್ವಿಟ್ ಎಂಬ ಜಾತಿಯ ಹಕ್ಕಿಯೊಂದು ಅಲಾಸ್ಕದಿಂದ ಟಾಸ್ಮೇನಿಯಕ್ಕೆ ಸುಮಾರು 13,560 ಕಿಲೋಮೀಟರನ್ನು 11 ದಿನಗಳಲ್ಲಿ ಎಲ್ಲಿಯೂ ಇಳಿಯದೆ ಹಾರಿತು. ಅದಕ್ಕೆ ಆಗ ಸುಮಾರು ಐದೇ ತಿಂಗಳು; ಆ ದಾರಿಯನ್ನು ಅದು ಹಿಂದೆಂದೂ ಕಂಡಿರಲಿಲ್ಲ. ಇದನ್ನು ಓದಿದ ರಾತ್ರಿ ಯಾರೊಡನೆಯೂ ವಾದಿಸಬೇಕೆನಿಸಲಿಲ್ಲ, ಮೊಣಕಾಲೂರಬೇಕೆನಿಸಿತು. ಅದೇ ದಾರಿಯಲ್ಲಿ ದಣಿದು ಸಮುದ್ರಕ್ಕೆ ಬೀಳುವ ಹಕ್ಕಿಗಳೂ ಇರುತ್ತವೆಂದು ನನಗೆ ಗೊತ್ತಿದೆ. ಎರಡು ಗುಬ್ಬಿಗಳ ಮಾತು ಬಂದಾಗ ಯೇಸು ಹೇಳಿದ್ದು ಗುಬ್ಬಿ ನೆಲಕ್ಕೆ ಬೀಳುವುದೇ ಇಲ್ಲವೆಂದಲ್ಲ, ತಂದೆಗೆ ಹೊರತಾಗಿ ಒಂದೂ ಬೀಳದು ಎಂದು.

ಪ್ರಶ್ನೆ ಕೇಳಿದ ಶಿಕ್ಷಕಿ

ಮೂವರಿಗೂ ಋಣಿಯಾಗಿದ್ದೇನೆ. ಹಿರಿಯರು ಹೇಳಿದ್ದನ್ನು ನಾನು ನಂಬುತ್ತೇನೆ. ಆದರೆ ಜೇಡದ ಮುಂದೆ ಕುಳಿತ ಮಗುವಿಗೆ ಮೊದಲ ಮಾತಾಗಿ ಅದನ್ನು ಹೇಳಿದರೆ ಅವಳು ಕಂಡದ್ದನ್ನು ಅಲ್ಲಗಳೆದಂತೆ ಆದೀತೆಂಬ ಅಳುಕಿದೆ. ಭಾನುವಾರ ಯೋಬನ 39ನೆಯ ಅಧ್ಯಾಯವನ್ನು ಕೊನೆಯ ವಚನವನ್ನೂ ಬಿಡದೆ ಓದಿಸುತ್ತೇನೆ. ಅವಳು ಕೇಳಿದ್ದು ಯೋಬನೂ ಕೇಳಬಹುದಾಗಿದ್ದ ಪ್ರಶ್ನೆಯೆಂದೂ, ಕೇಳಿದ್ದಕ್ಕಾಗಿ ದೇವರು ಅವನನ್ನು ತಳ್ಳಿಬಿಡಲಿಲ್ಲವೆಂದೂ ಹೇಳುತ್ತೇನೆ. ಗೂಡಿನಲ್ಲಿ ಇನ್ನೂ ಮೂರು ಕೋಣೆಗಳು ಮುಚ್ಚಿಯೇ ಇವೆ. ಅವನ್ನು ಒಡೆಯದೆ ಗಾಜಿನ ಜಾಡಿಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟಿದ್ದೇನೆ. ಹುಳಗಳು ಮಣ್ಣು ಕೊರೆದು ಹೊರಬಂದರೆ ಬಟ್ಟೆ ಬಿಚ್ಚುವ ಕೆಲಸವನ್ನು ಆ ಹುಡುಗಿಗೇ ಕೊಡಬೇಕೆಂದಿದ್ದೇನೆ.