ಪದಚರ್ಚೆ: ಸ್ಪೀಕರಿನ ಸದ್ದು ಮೈಕಿಗೆ ಇಳಿಯುವುದಕ್ಕೆ ‘ಬಸಿದನಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಯಾಕೆ ಬೇಕಾಯಿತು ಅನ್ನುವುದನ್ನು ಮೊದಲು ಹೇಳುತ್ತೇನೆ.

ನನ್ನ ಮಗ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾ ಕನ್ನಡದಲ್ಲಿ ವಿವರಣೆ ಕೊಡುತ್ತಾನೆ, ರೆಕಾರ್ಡ್ ಮಾಡುತ್ತಾನೆ. ಹೆಡ್‌ಫೋನ್ ಹಾಕಿದರೆ ಅರ್ಧ ಗಂಟೆಗೆ ಅವನ ಕಿವಿ ನೋಯುತ್ತದೆ. ಹಾಗಾಗಿ ಮೇಜಿನ ಮೇಲೆ ಎರಡು ಸ್ಪೀಕರ್ ಇಟ್ಟುಕೊಂಡೇ ಆಡುತ್ತಾನೆ. ತೊಂದರೆ ಇಲ್ಲೇ ಶುರು. ಗುಂಡಿನ ಸದ್ದು, ಜೊತೆಗಾರರ ಮಾತು ಎಲ್ಲವೂ ಸ್ಪೀಕರಿನಿಂದ ಹೊರಟು ಮೈಕಿನೊಳಗೆ ಹೋಗುತ್ತದೆ. ಗೇಮಿನ ಸದ್ದನ್ನು ಕಂಪ್ಯೂಟರ್ ಹೇಗೂ ಬೇರೆಯಾಗಿ ಹಿಡಿದಿಟ್ಟಿರುತ್ತದೆ. ಎರಡನ್ನೂ ಕೂಡಿಸಿದಾಗ ಒಂದೇ ಸದ್ದು ಎರಡು ಸಲ, ಕೂದಲೆಳೆಯಷ್ಟು ಹಿಂದೆಮುಂದೆ ಆಗಿ, ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ.

ನಾವು ಇದನ್ನು ‘ಎಕೋ’ ಅಂದೆವು. ಅಂಗಡಿಯಲ್ಲೂ ಹಾಗೇ ಹೇಳಿದೆವು. ಎಕೋ ಅಂದ ಮೇಲೆ ಅವರು ಗೋಡೆಗೆ ಅಂಟಿಸುವ ಫೋಮ್ ಕೊಟ್ಟರು. ಮೈಸೂರು ಕುವೆಂಪುನಗರದ ನಮ್ಮ ಪುಟ್ಟ ಕೋಣೆಯ ಎರಡು ಗೋಡೆಗೆ ಅಂಟಿಸಿದೆವು. ಏನೂ ಬದಲಾಗಲಿಲ್ಲ. ಫೋಮ್ ತಗ್ಗಿಸುವುದು ಗೋಡೆಗೆ ಬಡಿದು ವಾಪಸು ಬರುವ ಸದ್ದನ್ನು. ಸ್ಪೀಕರಿನಿಂದ ನೆಟ್ಟಗೆ ಮೈಕಿಗೆ ಬರುವ ಸದ್ದು ಗೋಡೆಯ ಹತ್ತಿರವೇ ಹೋಗುವುದಿಲ್ಲ, ಅಲ್ವಾ? ಹೆಸರು ತಪ್ಪಿದ್ದಕ್ಕೆ ಮದ್ದೂ ತಪ್ಪಿತು.

ನಮ್ಮಲ್ಲಿ ಹತ್ತಿರದ ಪದಗಳಿಗೆ ಕೊರತೆ ಇಲ್ಲ. ಬೆಟ್ಟಕ್ಕೋ ಗೋಡೆಗೋ ಬಡಿದು ತಿರುಗಿ ಬರುವುದು ಮಾರ್ದನಿ. ಖಾಲಿ ಕಲ್ಯಾಣಮಂಟಪದಲ್ಲಿ ಮಾತು ನಿಂತ ಮೇಲೂ ಉಳಿಯುವ ಸದ್ದಿಗೆ ಅನುರಣನ ಅನ್ನುತ್ತಾರೆ. ಮಾತಿನಲ್ಲಿ ‘ಗುಂಯ್‌ಗುಟ್ಟುತ್ತೆ’ ಅಂದರೆ ಸಾಕು. ಹಬ್ಬದ ಚಪ್ಪರದಲ್ಲಿ ಮೈಕು ‘ಕುಂಯ್’ ಅಂತ ಕಿರುಚುವುದು ಇನ್ನೊಂದು. ಅಲ್ಲಿ ಮೈಕಿಗೆ ಹೋದ ಸದ್ದು ಸ್ಪೀಕರಿನಿಂದ ಹೊರಬಂದು, ಮತ್ತೆ ಅದೇ ಮೈಕಿಗೆ ಹೊಕ್ಕು ಸುತ್ತುತ್ತಿರುತ್ತದೆ. ಮಗನ ತೊಂದರೆ ಇವು ಮೂರೂ ಅಲ್ಲ. ಇಂಗ್ಲಿಷಿನವರು ಅದಕ್ಕೆ ‘ಬ್ಲೀಡ್’ ಅನ್ನುತ್ತಾರೆ. ಬಟ್ಟೆಯ ಬಣ್ಣ ಪಕ್ಕದ ಬಟ್ಟೆಗೆ ಹತ್ತುವುದಕ್ಕೂ ಅವರಲ್ಲಿ ಅದೇ ಮಾತು.

‘ಸೋರಿಕೆ’ ಅಂದು ನೋಡಿದೆ. ಸೋರುವುದು ಅಂದರೆ ಎಲ್ಲೋ ತೂತು ಬಿದ್ದಿದೆ, ಏನೋ ಕಳೆದುಹೋಗುತ್ತಿದೆ ಅಂತ. ಇಲ್ಲಿ ಏನೂ ಕಳೆಯುವುದಿಲ್ಲ, ಬೇಡದ್ದು ಬಂದು ಸೇರುತ್ತದೆ. ‘ನುಸುಳು’ವಿನಲ್ಲಿ ಕಳ್ಳತನದ ಛಾಯೆ ಇದೆ.

ನಮ್ಮೂರು ಮಂಡ್ಯ ಕಡೆಯದು, ನಾಲೆ ಬಯಲು. ಮೇಲಿನ ಗದ್ದೆಗೆ ನೀರು ಕಟ್ಟಿದರೆ ಕೆಳಗಿನ ಗದ್ದೆಗೆ ಬದುವಿನಡಿಯಿಂದ ತಾನಾಗಿ ಇಳಿಯುತ್ತದೆ. ಅದು ಬಸಿನೀರು. ಯಾರೂ ಹಾಯಿಸಿದ್ದಲ್ಲ. ಪಕ್ಕದಲ್ಲಿದೆ ಅನ್ನುವ ಕಾರಣಕ್ಕೇ ಬಂದದ್ದು. ಜಾಸ್ತಿಯಾದರೆ ನೆಲ ಜೌಗು ಹಿಡಿಯುತ್ತದೆ, ಅದಕ್ಕೇ ಬಸಿಗಾಲುವೆ ತೆಗೆಯುತ್ತಾರೆ. ಸ್ಪೀಕರು ಮೇಲಿನ ಗದ್ದೆ, ಮೈಕು ಕೆಳಗಿನ ಗದ್ದೆ. ಹಾಗಾದರೆ ಇದು ‘ಬಸಿದನಿ’ ಆಗಬಹುದಲ್ಲ? ಮಗನಿಗೆ ಹೇಳಿದೆ. ಗದ್ದೆಗೆ ಇಳಿಯದ ಹುಡುಗ, ಆದರೂ ತಟ್ಟನೆ ಹಿಡಿದ. ‘ಹಾಗಾದ್ರೆ ಮೈಕನ್ನ ದೂರ ಇಡಬೇಕು, ಇಲ್ಲಾ ಬೆನ್ನು ತಿರುಗಿಸಬೇಕು’ ಅಂದ. ಎರಡೂ ಸರಿಯೇ.

ಬೆನ್ನು ಅಂದಾಗ ಇನ್ನೊಂದು ಪದ ಎದುರಾಯಿತು. ‘ಕಾರ್ಡಿಯಾಯ್ಡ್’ ಮೈಕ್ ಮುಂದಿನ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ನೇರ ಹಿಂದಿನದಕ್ಕೆ ಹೆಚ್ಚುಕಡಿಮೆ ಕಿವುಡು. ಎಲ್ಲ ದಿಕ್ಕಿಗೂ ಕಿವಿ ಇರುವ ಮೈಕ್ ಸ್ಪೀಕರ್ ಇಟ್ಟುಕೊಂಡು ಆಡುವವರಿಗೆ ಬೇಡವೇ ಬೇಡ. ಯಾವ ದಿಕ್ಕಿನ ಸದ್ದನ್ನು ಮೈಕು ಎಷ್ಟು ಹಿಡಿಯುತ್ತದೆ ಅನ್ನುವ ನಕ್ಷೆ ಹೃದಯದ ಹಾಗಿರುವುದರಿಂದ ಆ ಹೆಸರು. ಕಾರ್ಡಿಯಾಯ್ಡನ್ನು ‘ಹೃದಯಾಕಾರ’ ಅಂದರೆ ಅರ್ಥವೇನೋ ಸರಿ, ಮೈಕನ್ನು ಹೇಗೆ ಹಿಡಿಯಬೇಕು ಅನ್ನುವುದು ತಿಳಿಯುವುದಿಲ್ಲ. ಮೈಸೂರಿನವರಿಗೆ ವೀಳ್ಯದೆಲೆ ಇರುವಾಗ ಹೃದಯ ಯಾಕೆ? ತುದಿ ಚೂಪಾಗಿಲ್ಲ ಅನ್ನುವುದು ಬಿಟ್ಟರೆ ಆ ನಕ್ಷೆ ಎಲೆಯದೇ ರೂಪ. ತೊಟ್ಟು ಸೇರುವ ತಗ್ಗಿನಲ್ಲಿ ಮೈಕು. ಎಲೆಯ ತುದಿಯ ಕಡೆ ನಿಮ್ಮ ಬಾಯಿ. ತೊಟ್ಟಿನ ಕಡೆ ಸ್ಪೀಕರ್. ‘ಸೂಪರ್ ಕಾರ್ಡಿಯಾಯ್ಡ್’ ಅನ್ನುವುದರಲ್ಲಿ ಹಿಂದೆ ಇನ್ನೊಂದು ಪುಟ್ಟ ಎಲೆ ಇರುತ್ತದೆ, ಕಿವುಡು ಜಾಗ ಮುಂದಿನಿಂದ ಸುಮಾರು 126 ಡಿಗ್ರಿಯ ಎರಡು ಪಕ್ಕದಲ್ಲಿ. ಪರದೆಯ ಎಡಬಲಕ್ಕೆ ಅಗಲವಾಗಿ ಸ್ಪೀಕರ್ ಇಟ್ಟವರಿಗೆ ಇದು ಒಳ್ಳೆಯದು.

ಒಳಗಿನ ರಚನೆಯಲ್ಲಿ ಮೈಕುಗಳಿಗೆ ಕಂಡೆನ್ಸರ್, ಡೈನಾಮಿಕ್ ಎಂಬ ಬಗೆಗಳಿವೆ. ಕಂಡೆನ್ಸರ್ ಬೇಡ, ಡೈನಾಮಿಕ್ ತಗೊಳ್ಳಿ ಅನ್ನುವವರು ಬಹಳ. ಡೈನಾಮಿಕ್ ಮೈಕಿಗೆ ಬಸಿದನಿಯನ್ನು ತಡೆಯುವ ಶಕ್ತಿ ಏನಿಲ್ಲ. ಅದನ್ನು ಬಾಯಿಯ ಹತ್ತಿರ ಹಿಡಿದು ಮಾತಾಡುವ ರೂಢಿಯೇ ಉಪಕಾರ ಮಾಡುವುದು. ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. 40 ಸೆಂಟಿಮೀಟರಿನಿಂದ 10ಕ್ಕೆ ತಂದರೆ 12. ಅಷ್ಟರ ಮಟ್ಟಿಗೆ ಮೈಕಿನ ಗೇನ್ (ಅದು ಹಿಡಿದ ಸದ್ದನ್ನು ಹಿಗ್ಗಿಸುವ ಮಟ್ಟ) ಇಳಿಸಬಹುದು, ಬಸಿದನಿಯೂ ಇಳಿಯುತ್ತದೆ. 1966ರಿಂದ ವೇದಿಕೆಗಳಲ್ಲಿ ಕಾಣುವ ಶ್ಯೂರ್ ಎಸ್‌ಎಂ58 ವೀಳ್ಯದೆಲೆ ಜಾತಿಯ ಡೈನಾಮಿಕ್ ಮೈಕು. ಗೆಳೆಯರೊಬ್ಬರಿಂದ ತಂದು, ತೊಟ್ಟನ್ನು ಪರದೆಯ ಕಡೆ ಮಾಡಿ, ಬಾಯಿಯ ಹತ್ತಿರ ಇಟ್ಟೆವು. ಸ್ಪೀಕರಿನ ಸದ್ದನ್ನೂ ಸ್ವಲ್ಪ ತಗ್ಗಿಸಿದೆವು. ಪೂರ್ತಿ ಹೋಗಲಿಲ್ಲ, ಆದರೆ ಡಬ್ಬದ ದನಿ ಹೋಯಿತು.

ಇನ್ನು ‘ಮೈಕ್’ ಅನ್ನುವ ಪದದ್ದೇ ಒಂದು ಗೊಂದಲ. ಊರಿನಲ್ಲಿ ‘ಮೈಕ್ ಹಾಕಿದ್ದಾರೆ’ ಅಂದರೆ ಮರಕ್ಕೆ ಕಟ್ಟಿದ ಸ್ಪೀಕರು! ಕೇಳುವುದಕ್ಕೂ ಕೂಗುವುದಕ್ಕೂ ಒಂದೇ ಹೆಸರು. ‘ಧ್ವನಿವರ್ಧಕ’ವನ್ನೂ ಎರಡಕ್ಕೂ ಬಳಸುವುದನ್ನು ಕಂಡಿದ್ದೇನೆ. ಸದ್ಯಕ್ಕೆ ಮೈಕ್, ಸ್ಪೀಕರ್ ಎಂದೇ ಬರೆಯುತ್ತಿದ್ದೇನೆ.

ಹೊಸ ಪದ ಕಟ್ಟಲು ನನಗೆ ಅಳುಕಿಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಇದೇ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರುಮಾಡಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರು ಆಮೇಲೆ ದೇಶಕ್ಕೆಲ್ಲ ಆಯಿತು. ಆದರೆ ಪದ ಎಲ್ಲರ ಕಿವಿಗೂ ಒಗ್ಗಬೇಕಲ್ಲ. ಅನ್ನ ಬಸಿಯುವುದು ಬೇಕೆಂದೇ ಮಾಡುವ ಕೆಲಸ. ಬಸಿದನಿ ಅಂದಾಗ ನಿಮಗೆ ಗಂಜಿ ನೆನಪಾಗುತ್ತದೆಯೋ, ಗದ್ದೆಯೋ? ಉತ್ತರ ಕರ್ನಾಟಕದವರಿಗೆ ಕಪ್ಪು-ಬಸಿಯ ಬಸಿ (ಸಾಸರ್) ಅಡ್ಡ ಬರುತ್ತದೆಯೇ? ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹೀಗೆ ತಾನಾಗಿ ಇಳಿದು ಬರುವ ನೀರಿಗೆ ಏನನ್ನುತ್ತೀರಿ? ನಾನೂ ಮಗನೂ ಸೇರಿ, ಸ್ಪೀಕರ್ ಹಾಕಿಕೊಂಡು ಆಡುವ ಹುಡುಗರಿಗಾಗಿ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇವೆ. ಆ ಪದದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.