71ರ ಪಾಕಿಸ್ತಾನ ಯುದ್ಧದಲ್ಲಿ ಹಡಗಿನಲ್ಲಿದ್ದವರು ಯಾರಾದರೂ ಇದ್ದೀರಾ?

ಕೋಡಿಬಾಗದ ಹುಡುಗ:
ನಮ್ಮ ದೊಡ್ಡಪ್ಪ 1971ರಲ್ಲಿ ನೌಕಾಪಡೆಯಲ್ಲಿದ್ದರು. ಕಾರವಾರ ಬೀಚಿನಲ್ಲಿ ಮ್ಯೂಸಿಯಂ ಮಾಡಿಟ್ಟಿರುವ ಚಪಲ ಯುದ್ಧನೌಕೆ ತೋರಿಸೋಣ ಅಂತ ಕರೆದುಕೊಂಡು ಹೋದರೆ ಒಳಗೆ ಬರಲೇ ಇಲ್ಲ. ಯುದ್ಧದ ಬಗ್ಗೆ ಕೇಳಿದರೆ ಮಾತು ಬದಲಿಸುತ್ತಾರೆ. ನಿಜಕ್ಕೂ ಹೇಗಿತ್ತು ಆಗ?

ಬೇಲೆಕೇರಿ:
ಚಪಲ ಆ ಯುದ್ಧದಲ್ಲಿ ಇರಲಿಲ್ಲ, ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿ ಹತ್ತಿರ ಕ್ಷಿಪಣಿ ಬಿಟ್ಟಿದ್ದು ನಮ್ಮ ನಿಪಟ್, ನಿರ್ಘಾಟ್, ವೀರ್ ಹಡಗುಗಳು. ಅದಕ್ಕೇ ಆ ದಿನ ನೌಕಾಪಡೆ ದಿನ.

ಅಂಕೋಲೆಯ ನಿವೃತ್ತ ನಾವಿಕ:
ತಮ್ಮಾ, ನಾನು ಇಂಜಿನ್ ರೂಮಿನವನು. ಯುದ್ಧ ಕಣ್ಣಿಗೆ ಕಂಡಿದ್ದೇ ಇಲ್ಲ. ಕೆಳಗೆ ಸೆಕೆ, ಎಣ್ಣೆ ವಾಸನೆ, ಕಿವಿ ತುಂಬ ಸದ್ದು, ಮೇಲೆ ಏನಾಗ್ತಿದೆ ಅಂತ ಹೇಳೋರಿಲ್ಲ, ವೇಗ ಜಾಸ್ತಿ ಮಾಡಿ ಅಂತ ಆದೇಶ ಬಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಡಿಸೆಂಬರ್ 9ಕ್ಕೆ ದಿಯು ಹತ್ತಿರ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ನಮ್ಮ ಖುಕ್ರಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಅದರ ಕ್ಯಾಪ್ಟನ್ ಮುಲ್ಲಾ ಹಡಗು ಬಿಡಲಿಲ್ಲ. ಅದರಲ್ಲಿ ನನ್ನ ಜೊತೆ ತರಬೇತಿ ಪಡೆದವನೂ ಇದ್ದ. ಆಮೇಲೆ ಕೆಳಗೆ ಇಳಿಯುವಾಗೆಲ್ಲ ಏಣಿ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳುತ್ತಿದ್ದೆ, ಈಗಲೂ ಮದುವೆ ಹಾಲ್‌ಗೆ ಹೋದರೆ ಬಾಗಿಲು ಹುಡುಕುತ್ತೇನೆ! ಗೆದ್ದು ಬಂದಾಗ ಊರಲ್ಲಿ ಹಾರ ಹಾಕಿದರು. ಖುಷಿಯ ಬದಲು ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ದೊಡ್ಡಪ್ಪನಿಗೆ ಯುದ್ಧ ಕೇಳಬೇಡ. ಹಡಗಿನ ಊಟ, ಜೊತೆಗಾರರ ಬಗ್ಗೆ ಕೇಳು.

ಕೋಡಿಬಾಗದ ಹುಡುಗ:
ಥ್ಯಾಂಕ್ಸ್ ಸರ್. ಯಾವ ಹಡಗಿನಲ್ಲಿದ್ದರು ಅಂತ ದೊಡ್ಡಪ್ಪನನ್ನು ಕೇಳಬಹುದಾ?

ಅಂಕೋಲೆಯ ನಿವೃತ್ತ ನಾವಿಕ:
ಕೇಳು, ಅದಕ್ಕೇನು. ಹಡಗಿನ ಹೆಸರು ಹೇಳೋಕೆ ಯಾವ ನಾವಿಕನೂ ಬೇಡ ಅನ್ನಲ್ಲ.