ಕಾಟಾ ಕೇಬಲ್ಲಿಗೆ ಮನೆ ಗುಂಪಲ್ಲಿ ಜಗಳ

ಚಿಕ್ಕಪ್ಪ: (ಫಾರ್ವರ್ಡ್) ಎಚ್ಚರ!! ವಿಂಡೋಸ್ ಅಪ್‌ಡೇಟ್ ಮಾಡಿದರೆ ಹಳೇ ಮಷಿನ್ನಿನ ಯುಎಸ್‌ಬಿ ಕೇಬಲ್ ಸುಟ್ಟು ಹೋಗುತ್ತೆ. ಎಲ್ಲರಿಗೂ ತಿಳಿಸಿ.

ಚಿಕ್ಕಪ್ಪ: ಮೂರು ದಿನದಿಂದ ಅಡಿಕೆ ಕಾಟಾದ ತೂಕ ಬಿಲ್ಲಿಗೆ ಬರ್ತಿಲ್ಲ. ಇದೇ ಕಾರಣ.

ಅಣ್ಣ: ಯಾರು ಹೇಳಿದ್ದು ಚಿಕ್ಕಪ್ಪ? ಯಾವಾಗಿನ ಸುದ್ದಿ ಇದು?

ಚಿಕ್ಕಪ್ಪ: ನಿಂಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಲ್ಯಾಪ್‌ಟಾಪ್ ತಗೊಳ್ಳಿ ಅಂದವನು ನೀನೇ ತಾನೆ?

ಅಣ್ಣ: ತಗೊಳ್ಳಿ ಅಂದೆ. ಹಳೇದನ್ನ ಗುಜರಿಗೆ ಹಾಕಿ ಅಂದಿಲ್ಲ.

ದೊಡ್ಡಪ್ಪ: ನಡೆಯೋ ವಸ್ತುವನ್ನ ಹೊರಗೆ ಹಾಕಬಾರದು. ಆ ಕಂಪ್ಯೂಟರ್ ಹಿಂದೆ ಒಂಬತ್ತು ಪಿನ್ನಿನ ಪೋರ್ಟ್ ಇತ್ತು. ಕೇಬಲ್ ಸಿಕ್ಕಿಸಿ ಎರಡು ಸ್ಕ್ರೂ ತಿರುಗಿಸಿದರೆ ಮುಗೀತು. ಲ್ಯಾಪ್‌ಟಾಪಲ್ಲಿ ಅದಿಲ್ಲ, ಹಾಗಾಗಿ ಈ ಯುಎಸ್‌ಬಿ ಕೇಬಲ್ ಬೇಕಾಯ್ತು. ನನ್ನನ್ನ ಒಂದು ಮಾತು ಕೇಳಲಿಲ್ಲ.

ಅತ್ತೆ ಮಗಳು: ಮಾವ, ಆ ಪೋರ್ಟಿಗೇ ಅಲ್ವಾ ಫೋನ್ ಲೈನಲ್ಲಿ ಇಂಟರ್ನೆಟ್ ತರೋ ಮೋಡೆಮ್ ಇದ್ದಿದ್ದು! ಕೀಂಯ್ ಅಂತ ಕೂಗೋದು. ನನ್ನ ಸಿಇಟಿ ರ‍್ಯಾಂಕ್ ನೋಡಿದ್ದು ಅದರಲ್ಲೇ.

ಚಿಕ್ಕಮ್ಮ: ಆ ತಿಂಗಳ ಫೋನ್ ಬಿಲ್ ಕಟ್ಟಿದ್ದು ನಾವು.

ಅತ್ತೆ ಮಗಳು: ಅಮ್ಮ ದುಡ್ಡು ಕೊಟ್ಟಿದ್ರು ಅತ್ತೆ.

ಚಿಕ್ಕಮ್ಮ: ಯಾವಾಗ?

ನಾನು: ಒಂದು ನಿಮಿಷ. ಚಿಕ್ಕಪ್ಪ ಕೈಯಲ್ಲಿ ತೂಕ ಬರೀತಿದಾರೆ, ಒಂದಂಕಿ ತಪ್ಪಿದರೆ ಬೆಳೆಗಾರರ ದುಡ್ಡು. ಈ ಸುದ್ದಿ 2014ರದ್ದು. ಎಫ್‌ಟಿಡಿಐ ಅನ್ನೋ, ಇಂಥ ಕೇಬಲ್ಲಿನೊಳಗಿನ ಚಿಪ್ ಮಾಡೋ ಕಂಪನಿಯ ಡ್ರೈವರ್ (ಚಿಪ್ಪನ್ನ ನಡೆಸೋ ಸಾಫ್ಟ್‌ವೇರ್) ವಿಂಡೋಸ್ ಅಪ್‌ಡೇಟಲ್ಲಿ ಬಂದು, ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನ ಸೊನ್ನೆ ಮಾಡ್ತು. ಕಂಪ್ಯೂಟರ್ ಅವನ್ನ ಗುರುತಿಸೋದು ಬಿಟ್ಟಿತು, ಸುಟ್ಟು ಹೋಗಿರಲಿಲ್ಲ. ಗಲಾಟೆಯಾದ ಮೇಲೆ ಆ ಡ್ರೈವರ್ ವಾಪಸ್ ತಗೊಂಡರು. ವಿಂಡೋಸ್ 11ರಲ್ಲಿ ಪ್ರೊಲಿಫಿಕ್ ಅನ್ನೋ ಇನ್ನೊಂದು ಕಂಪನಿಯ ಕೆಲವು ಹಳೇ ಚಿಪ್ಪುಗಳು ನಡೆಯಲ್ಲ, ಅದು ಬೇರೆ ವಿಷಯ. ಡಿವೈಸ್ ಮ್ಯಾನೇಜರಲ್ಲಿ, ಅಂದ್ರೆ ಕಂಪ್ಯೂಟರಿಗೆ ಸಿಕ್ಕಿಸಿದ್ದೆಲ್ಲ ತೋರಿಸೋ ಪಟ್ಟಿಯಲ್ಲಿ, ಕೇಬಲ್ ಹೆಸರಿನ ಮೇಲೆ ತೊಂದರೆ ಇದೆ ಅನ್ನೋ ಹಳದಿ ತ್ರಿಕೋನ ಇದೆಯಾ?

ಚಿಕ್ಕಪ್ಪ: ಇಲ್ಲ. ಕಾಮ್ 7 ಅಂತಿದೆ.

ನಾನು: ಹಾಗಾದ್ರೆ ಕೇಬಲ್ಲೂ ಡ್ರೈವರೂ ಚೆನ್ನಾಗಿವೆ. ಕಾಮ್ ಅಂದ್ರೆ ಕೇಬಲ್ಲಿಗೆ ಕಂಪ್ಯೂಟರ್ ಕೊಡೋ ಪೋರ್ಟ್ ನಂಬರು, ಸಾಫ್ಟ್‌ವೇರಲ್ಲೂ ಅದೇ ಇರಬೇಕು. ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ ಯಾವ ಕಾಮ್ ಇದೆ?

ಚಿಕ್ಕಪ್ಪ: 3.

ನಾನು: ಕೇಬಲ್ಲನ್ನ ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿದ್ರಾ? ಕೆಲವು ಕೇಬಲ್ಲಿಗೆ ಜಾಗ ಬದಲಾದರೆ ಕಾಮ್ ನಂಬರೂ ಬದಲಾಗುತ್ತೆ.

ಚಿಕ್ಕಪ್ಪ: ಗುರುವಾರ ಪ್ರಿಂಟರ್ ಸಿಕ್ಕಿಸೋಕೆ ಅಂತ ನಿಮ್ಮಣ್ಣ ಕಿತ್ತಿದ್ದ.

ಅಣ್ಣ: ಪ್ರಿಂಟರ್ ಹಾಕ್ಕೊಡು ಅಂದಿದ್ದು ಯಾರು?

ದೊಡ್ಡಪ್ಪ: ತೆಗೆದಿದ್ದನ್ನ ತೆಗೆದ ಜಾಗದಲ್ಲೇ ಇಡಬೇಕು. ಎಷ್ಟು ಸಲ ಹೇಳಿದೀನಿ.

ನಾನು: ಹಳೇ ಜಾಗಕ್ಕೇ ಸಿಕ್ಕಿಸಿ ನೋಡಿ ಚಿಕ್ಕಪ್ಪ. ಆಗಲಿಲ್ಲ ಅಂದ್ರೆ ಸಾಫ್ಟ್‌ವೇರಲ್ಲಿ 3 ತೆಗೆದು 7 ಹಾಕಿ. ಬಾಡ್ ರೇಟ್, ಅಂದ್ರೆ ಅಂಕಿ ಕಳಿಸೋ ವೇಗ, 9600 ಇದ್ದರೆ ಮುಟ್ಟಬೇಡಿ, ಕಾಟಾದಲ್ಲೂ ಅಷ್ಟೇ ಇರಬೇಕು.

ಚಿಕ್ಕಪ್ಪ: (ಫೋಟೊ) ಬಂತು. 64.850.

ಅತ್ತೆ ಮಗಳು: ಹಿಂದೆ ಕಾಣ್ತಿರೋದು ನಮ್ಮಜ್ಜನ ಗಲ್ಲಾಪೆಟ್ಟಿಗೆ ಅಲ್ವಾ?

ದೊಡ್ಡಪ್ಪ: ಅದಿರಲಿ. ಕಂಪ್ಯೂಟರ್ ಯಾವ ಗುಜರಿಯವನಿಗೆ ಕೊಟ್ಟೆ?